ಎರಡು ಸಲ ‘ತೊಲಗು’ ಎಂದೆ

ಎಲೈ ಸ್ವರೂಪಾ, ಈ ಮೆಸೇಜನ್ನು ನೀನು ಓದುವುದಿಲ್ಲವೆಂದು ಗೊತ್ತು. ಆದರೂ ನಡೆದದ್ದನ್ನು ಒಪ್ಪಿಸುತ್ತೇನೆ, ಕೇಳು.

ಇವತ್ತು ಮಧ್ಯಾಹ್ನ ಗಂಡಸರ ಡೇಟಿಂಗ್ ಆ್ಯಪಿನಲ್ಲಿ ಸಿಕ್ಕಿದ ಮಳವಳ್ಳಿಯ ಸ್ವಾಮಿ ಎಂಬಾತ ನನ್ನ ರೂಮಿಗೆ ಬಂದ. ಬಾಗಿಲಲ್ಲೇ ನಿಂತು, "ಎಚ್‌ಐವಿ ಬರ್ದಂಗೆ ಮಾತ್ರೆ ತಗೋತಿದ್ದೀಯೇನ್ಲಾ? ನಾನಂತೂ ತಗೋತೀನಿ" ಅಂದ.

ನೀನೂ ಇದನ್ನೇ ಕೇಳಿದ್ದೆ. ಆತಗೂರಿನ ನಾಟಕದ ದಿನ, ಬಣ್ಣದ ಕೋಣೆಯಲ್ಲಿ, ಮೀಸೆ ಬೋಳಿಸಿ ದ್ರೌಪದಿಯ ಸೀರೆಯುಟ್ಟು ನನ್ನ ಕಿವಿಯ ಹತ್ತಿರ ಬಂದು, "ಇಬ್ರೂ ಮಾತ್ರೆ ತಗೊಳಾಣ ಕಣ್ಲಾ, ಎದ್ರಿಕೆ ಇಲ್ದಂಗೆ ಒಟ್ಗಿರ್ಬೋದು" ಅಂದೆ. ನಾನು ದುರ್ಯೋಧನನ ವೇಷದಲ್ಲಿದ್ದೆ. "ನನ್ನ ಮೇಲೆಯೇ ಸಂಶಯವೇ? ತೊಲಗು!" ಎಂದು ಗುಡುಗಿದೆ. ಹಾರ್ಮೋನಿಯಂ ಮೇಷ್ಟ್ರು ಹುಚ್ಚೀರಯ್ಯ ಅದು ನಾಟಕದ ಮಾತೆಂದುಕೊಂಡು ಶ್ರುತಿ ಹಿಡಿದರು. "ಇನ್ನೊಂದ್ಸಲ ಬುಡ್ಲಾ, ಜೋರಾಗಿ!"

ಇನ್ನೊಂದು ಸಲವೂ ಹೇಳಿದೆ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ನೀನು ಸೀರೆ ಮಡಿಸಿಟ್ಟು ಹೋದೆ. ಮತ್ತೆ ಫೋನು ಎತ್ತಲಿಲ್ಲ.

ಸ್ವಾಮಿಗೆ, "ಹೂಂ, ವರ್ಷವಾಯ್ತು" ಎಂದೆ. ನೀನು ಹೋದ ಮೇಲೆ ಶುರುಮಾಡಿದ್ದು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹೆದರಿಕೆಯಾಗಲಿಲ್ಲ. ಬೇರೇನೂ ಅನ್ನಿಸಲೂ ಇಲ್ಲ. ಸಂಜೆ ಎದ್ದು ಹೋದ.

‘ಹೂಂ’ ಅನ್ನಲು ದನಿ ಎತ್ತಬೇಕಾಗಿರಲಿಲ್ಲ ಕಣ್ಲಾ.