ಮೋರಾಗ್ ಆಂಟಿಯ ಊರಿನ ಹೆಸರುಗಳು

ವೆಸ್ಟ್‌ಮಾಂಟ್, ಇಲಿನಾಯ್
ಅಕ್ಟೋಬರ್ 9, 1999

ಪ್ರೀತಿಯ ತಮ್ಮ ಕಲೀಮನಿಗೆ,

ಅಸ್ಸಲಾಮು ಅಲೈಕುಂ. ಹಾದಿಯಾಳ ಮದುವೆಗೆ ಕರೆದು ನೀನು ಬರೆದ ಕಾಗದ ಬಂದು ಮೂರು ವಾರವಾಯಿತು. ನನ್ನ ಮಗಳ ಮದುವೆಗೂ ಉತ್ತರವಿಲ್ಲ, ಅಕ್ಕನಿಗೆ ಅಮೆರಿಕದ ಸೊಕ್ಕು ಹತ್ತಿದೆ ಎಂದು ಬೈದಿರುತ್ತೀಯ. ಬೈಯಿ. ಎರಡು ಸಲ ಬರೆದು ಎರಡೂ ಸಲ ಹರಿದು ಹಾಕಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನ ಭಾವ ಅಜ್ಮತ್‌ರದು ದಿನಾ ಒಂದೇ ರಾಗ: “ಟಿಕೆಟ್ ಬುಕ್ ಮಾಡ್ಲೋ ಬ್ಯಾಡೋ, ಒಂದ್ ಮಾತ್ ಹೇಳಬಾರ್ದಾ?” ಮೋರಾಗ್ ಆಂಟಿಯ ಕೆಲಸ ಮುಗಿಯಲಿ ಎನ್ನುತ್ತೇನೆ.

ಮೋರಾಗ್ ಆಂಟಿ ನಾನು ನೋಡಿಕೊಳ್ಳುವ ಮುದುಕಿ. ಎಂಬತ್ತೊಂಬತ್ತು ವರ್ಷ, ನಾಲಿಗೆ ಮಾತ್ರ ಇನ್ನೂ ಹರಿತ. ಸ್ಕಾಟ್ಲೆಂಡಿನ ಒಂದು ದ್ವೀಪದಿಂದ ಡೆಟ್ರಾಯಿಟ್‌ಗೆ ಮದುಮಗಳಾಗಿ ಬಂದವಳು, ಈಗ ಇಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ಭಾಷೆ ಗೇಲಿಕ್. ಮಗನಿಗೆ ಬರುವುದಿಲ್ಲ. ಹುಟ್ಟಿದ ಹಳ್ಳಿಯಲ್ಲಿ ಈಗ ಕುರಿಗಳಷ್ಟೇ ಇವೆಯಂತೆ. ಅಲ್ಲಿನ ಹಳ್ಳ, ದಿಬ್ಬ, ಬಂಡೆಗಳ ಹೆಸರೆಲ್ಲ ಇವಳ ತಲೆಯಲ್ಲಿವೆ, ಬರೆಯೋಣವೆಂದರೆ ಕೈ ನಡುಗುತ್ತದೆ. ಅವಳು ಹೇಳಿದ್ದನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಗಂಟಲಿನಿಂದ ಬರುವ ಆ ‘ಖ’ ನಮಗೇನು ಹೊಸದೇ, ಖಬರ್ ಎನ್ನುವಾಗ ಬರುವುದೇ ತಾನೆ? ಕೆಳಗೊಂದು ಚುಕ್ಕೆ ಇಟ್ಟೆ. ಆಲ್ಟ್ ನನ್ ಲೂಘ್ ಎಂದರೆ ಕರುಗಳ ಹಳ್ಳ. ಲಗ್ ನಮ್ ಬಾನ್, ಹೆಂಗಸರ ತಗ್ಗು. ಹಡಗು ಹತ್ತಿ ಹೋಗುವವರನ್ನು ನೋಡುತ್ತ ಹೆಂಗಸರು ಅಲ್ಲಿ ಕೂತು ಅಳುತ್ತಿದ್ದರಂತೆ. ಹೀಗೆ ಇನ್ನೂರ ಹನ್ನೆರಡು ಹೆಸರಾದವು.

ಮಗ ಯೂನಿವರ್ಸಿಟಿಯಿಂದ ಒಬ್ಬರನ್ನು ಕರೆತಂದ. ಪಾಪ, ಅವರು ನನ್ನ ನೋಟ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ನಾನು ಓದುವುದು, ಅವರು ಟೇಪ್ ಮಾಡುವುದು ಎಂದಾಯಿತು. ಹಾನಗಲ್ಲಿನವಳು ಗೇಲಿಕ್ ಓದುತ್ತಿದ್ದಾಳೆ, ನಗು.

ಒಂದು ಬಂಡೆಯನ್ನು ಮಾತ್ರ ಆಂಟಿ ದಿನವೂ ಬಿಟ್ಟು ಮುಂದೆ ಹೋಗುತ್ತಿದ್ದಳು. ಮೊನ್ನೆ ತಾನಾಗಿಯೇ ಹೇಳಿದಳು: ಇಯಾನನ ಬಂಡೆ. ಇಯಾನ್ ಅವಳ ತಮ್ಮ. ಹತ್ತು ವರ್ಷದವನಿದ್ದಾಗ ಮೀನು ಹಿಡಿಯಲು ಹೋಗಿ ಅಲ್ಲಿಂದ ಸಮುದ್ರಕ್ಕೆ ಜಾರಿದ. ಅವರಮ್ಮ ಸಾಯುವವರೆಗೂ ಆ ಬಂಡೆ ತಪ್ಪಿಸಿ ಸುತ್ತುದಾರಿಯಲ್ಲೇ ನಡೆದಳಂತೆ. “ಊರವರು ಮಾತ್ರ ಗಾಳ ಹಾಕೋಕೆ ಹೋಗುವಾಗ ಆ ಹೆಸರು ಸಲೀಸಾಗಿ ಹೇಳೋರು. ಬರಕೋ. ಯಾಕೆ ಬಂತು ಅನ್ನೋದನ್ನೂ ಬರಕೋ,” ಎಂದಳು. ಪೆನ್ನು ಕೆಳಗಿಟ್ಟೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮದುವೆಗೆ ಬರಲು ಆಗುವುದಿಲ್ಲ, ಕಲೀಮ್. ಮುಂದಿನ ತಿಂಗಳು ಆಂಟಿಯನ್ನು ನರ್ಸಿಂಗ್ ಹೋಮಿಗೆ ಸೇರಿಸುತ್ತಾರೆ, ಅಷ್ಟರೊಳಗೆ ಎಲ್ಲ ಬರೆದು ಮುಗಿಸಬೇಕು. ಹಾದಿಯಾಳ ತಲೆಯ ಮೇಲೆ ನನ್ನ ಕೈಯಿದೆ ಎಂದುಕೊಳ್ಳಿ. ಅಲ್ಲಾಹ್ ಅವಳ ಮನೆಯನ್ನು ಸದಾ ತುಂಬಿರುವಂತೆ ಇಡಲಿ.

ನಿನ್ನ ಅಕ್ಕ,
ನಜ್ಮುನ್ನೀಸಾ

ತಾ.ಕ.: ಮೇಲೆ ಬರೆದದ್ದು ನೆಪ. ಹೆಸರುಗಳ ಕೆಲಸ ಮೊನ್ನೆಯೇ ಮುಗಿಯಿತು. ‘ಶಾಮಿಯಾನ ಮುಯೀನನ ಮಡುವಿನ ಪಕ್ಕದ ಹೊಲದಲ್ಲಿ’ ಎಂದು ಬರೆದಿದ್ದೀಯಲ್ಲ, ಬರೆಯುವಾಗ ನಿನಗೆ ಏನೂ ಅನ್ನಿಸಿರಲಿಕ್ಕಿಲ್ಲ. ಅವನು ಮುಳುಗಿ ಹನ್ನೊಂದು ವರ್ಷದಲ್ಲಿ ಅದು ಊರಿಗೆ ಬರೀ ಜಾಗವಾಗಿದೆ. ನನಗೆ ಅದು ಏಳು ವರ್ಷದ ಮಗ. ಹೆಸರು ಇರಲಿ, ಬದಲಿಸಬೇಡಿ. ಆದರೆ ಬೀಗರ ಕಡೆಯ ಮಕ್ಕಳು ಮುಯೀನ್ ಯಾರು ಎಂದು ಕೇಳಿದರೆ ಸುಮ್ಮನಾಗಬೇಡ. ನನ್ನಕ್ಕನ ಮಗ ಎನ್ನು. ಒಣಹಾಕಿದ ಬಟ್ಟೆ ತರಲು ಅವತ್ತು ಅವನನ್ನು ಅಲ್ಲಿಗೆ ಕಳಿಸಿದವಳು ನಾನೇ ಎಂಬುದನ್ನೂ ಹೇಳು. ಅಜ್ಮತ್‌ಗೆ ಇದನ್ನು ನಾನು ಇವತ್ತಿನವರೆಗೂ ಹೇಳಿಲ್ಲ.