ಅನ್ನದ ಮರಿಗೆಯ ಪಕ್ಕದ ಜಾಗ

ಪ್ರೀತಿಯ ಶೂಕಿಚಿ ಅಣ್ಣನಿಗೆ,

ಬುದ್ಧನ ಮುಂದೆ ದೀಪ ಹಚ್ಚಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ತಪ್ಪು ನನ್ನದು.

ನೀನು ತೆಗೆದ ಸಿನಿಮಾ ನಾಗಹಾಮಾ ಟಾಕೀಸಿಗೆ ಬಂದಾಗ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ತೆರೆಯ ಮೇಲೆ ಸ್ಟುಡಿಯೋದಲ್ಲಿ ಕಟ್ಟಿದ ನಮ್ಮದೇ ಊಟದ ಮನೆ. ಯಜಮಾನನ ಸ್ಥಾನದಲ್ಲಿ ಅಪ್ಪ ಬೆಟ್ಟದ ಹಾಗೆ, ಮಿಕ್ಕವರೆಲ್ಲ ಅವನ ಕೆಳಗೆ ಸಣ್ಣಗೆ. ತಾಯಿಯಾದವಳದು ಅಂಚಿನಲ್ಲಿ ಬರೀ ಒಂದು ಮೊಣಕೈ. ದಾರಿಯುದ್ದಕ್ಕೂ ಅವ್ವ ನಗುತ್ತಲೇ ಬಂದಳು. "ಏ ಹಿಸಾನೊ, ನಾನೆಲ್ಲೇ? ಮೂತಿ ಅಡುಗೆಮನೇಲೇ ಮರ್ತು ಹೋಗಿದ್ನಾ?" ಮನೆಗೆ ಬಂದವಳು ಬಚ್ಚಲಲ್ಲಿ ಬಹಳ ಹೊತ್ತು ಕೂತಿದ್ದಳು.

ಆ ಹೊಸವರ್ಷಕ್ಕೆ ನೀನು ಬಂದಾಗ ನನಗೆ ತಡೆಯಲಾಗಲಿಲ್ಲ. "ಹೆತ್ತೋಳಿಗೆ ಒಂದು ಮೊಣಕೈನಷ್ಟೇನಾ ಜಾಗ?" ಎಂದೆ. ನೀನು ಊಟ ಬಿಟ್ಟು ಎದ್ದು ಹೋದೆ. "ಊಟನಾದ್ರೂ ಮಾಡ್ಲಿ ಅನ್ನಬಾರ್ದಿತ್ತೇನೇ, ಬಾಯಿಬಡುಕಿ" ಎಂದು ಅವ್ವ ಬೈದಳು. ಮೂರು ವರ್ಷ ನೀನು ಬರಲಿಲ್ಲ. ಅವ್ವನ ಸಾವಿಗೆ ಬಂದವನು ಅಂಗಳದಲ್ಲೇ ಕೈಮುಗಿದು ತಿರುಗಿ ಹೋದೆ. ಹೊಸಿಲಲ್ಲಿ ನನ್ನ ಆ ಮಾತೇ ಅಡ್ಡ ನಿಂತಿತ್ತು ಅಣ್ಣಾ.

ನಿನ್ನೆಗೆ ಅವ್ವ ಹೋಗಿ ಮೂವತ್ತೈದನೇ ದಿನ. ಭಿಕ್ಷುಗಳು ಬಂದಿದ್ದರು. ಬಡಿಸುವವರಿಲ್ಲದೆ ಅಡುಗೆಮನೆಯ ಬಾಗಿಲ ಬಳಿ, ಅನ್ನದ ಮರಿಗೆಯ ಪಕ್ಕ, ಅವ್ವನ ಜಾಗದಲ್ಲಿ ಮೊದಲ ಸಲ ಕೂತೆ. ಸಟ್ಟುಗ ಹಿಡಿದು ತಲೆ ಎತ್ತಿದೆ. ಎದುರಿಗೆ ಅಪ್ಪ, ಬೆಟ್ಟದ ಹಾಗೆ. ನಡುವೆ ಚಿಕ್ಕಪ್ಪನ ಬೆನ್ನು. ಬಲಕ್ಕೆ ಕೆಟಲಿನ ಮೂತಿ. ಕಣ್ಣಂಚಿನಲ್ಲಿ ನನ್ನದೇ ಮೊಣಕೈ.

ಸಟ್ಟುಗ ಕೈಜಾರಿತು. ಚಾಪೆಯ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ನೀನು ಕೂರಿಸಿದ್ದು ಇಲ್ಲೇ. ಇಡೀ ಸಿನಿಮಾವನ್ನು ನೀನು ಅವ್ವನ ಕಣ್ಣಿಂದ ನೋಡಿದ್ದೆ. ನಲವತ್ತು ವರ್ಷ ಅವಳಿಗೆ ಕಂಡದ್ದು ಇಷ್ಟೇ ಎಂದು ಊರಿಗೆಲ್ಲ ತೋರಿಸಿದ್ದೆ. ಟಾಕೀಸಿನಲ್ಲಿ ಅವಳೇ ನನ್ನ ಪಕ್ಕದಲ್ಲಿ ಕೂತಿದ್ದಳು, ನಾನು ಹೇಳಿಕೊಡಲಿಲ್ಲ. ನನಗೇ ತಿಳಿದಿರಲಿಲ್ಲವಲ್ಲ. ಈಗ ಯಾರಿಗೆ ಹೇಳಲಿ?

ಇನ್ನು ಹದಿಮೂರು ದಿನಕ್ಕೆ ನಲವತ್ತೊಂಬತ್ತನೇ ದಿನ. ಅಷ್ಟರವರೆಗೆ ಅವ್ವನ ಜೀವ ಮನೆಯ ಸೂರಿನಡಿಯಲ್ಲೇ ಇರುತ್ತದಂತೆ. ಬಾ. ಹಿರಿಮಗ ಎಂದು ಅಪ್ಪ ತನ್ನ ಪಕ್ಕಕ್ಕೆ ಕರೆದರೂ ಹೋಗಬೇಡ. ಮರಿಗೆಯ ಪಕ್ಕದ ಜಾಗ ಖಾಲಿ ಇಟ್ಟಿರುತ್ತೇನೆ. ಅಲ್ಲಿ ಕೂತು ನೀನೇ ಅವಳಿಗೆ ಹೇಳು.

ಅಮಿದ ಬುದ್ಧ ನಿನ್ನನ್ನು ದಾರಿಯುದ್ದಕ್ಕೂ ಕಾಯಲಿ.

ಅನ್ನ ಬಿಸಿ ಇಟ್ಟು ಕಾಯುವ
ನಿನ್ನ ತಂಗಿ ಹಿಸಾನೊ