ಹೆಬ್ಬಾವಿನ ಬಾಣಂತನ

ಗುರುವಾರ, ಮಧ್ಯಾಹ್ನ

ನನ್ನ ಹಾವಿನ ಡಾಕ್ಟರಮ್ಮನಿಗೆ ಅತ್ತೆಯ ಆಶೀರ್ವಾದಗಳು.

ಈ ಪತ್ರವನ್ನು ನಿನ್ನ ಗಂಡನ ಕೈಯಲ್ಲಿ ಕಳಿಸುತ್ತಿದ್ದೇನೆ. ದಾರಿಯಲ್ಲಿ ಬಿಚ್ಚಿ ಓದಬಾರದೆಂದು ಲಕೋಟೆಗೆ ಅರ್ಧ ಬಾಟಲಿ ಗೋಂದು ಬಳಿಯುವವಳಿದ್ದೇನೆ, ನೀನು ಹರಿದೇ ತೆಗೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಡುಗೆ, ಹವಾಮಾನ, ಪಕ್ಕದ ಮನೆಯವರ ಕೆಮ್ಮು ಎಲ್ಲ ನೆನಪಾಗುತ್ತವೆ, ಹೇಳಬೇಕಾದ್ದು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಶನಿವಾರ ಆ ವಿಜ್ಞಾನಿಗಳ ಸಭೆಯಲ್ಲಿ ವೇದಿಕೆ ಹತ್ತುವ ಮೊದಲು ಇದನ್ನು ಓದಿ ಮುಗಿಸು.

ಮೊದಲು ಒಳ್ಳೆಯ ಸುದ್ದಿ. ನಿನ್ನ ಹೆಬ್ಬಾವು ಕ್ಷೇಮ. ಹಿತ್ತಲಿನ ಇಟ್ಟಿಗೆ ರಾಶಿಯೊಳಗೆ ಮೊಟ್ಟೆಗಳನ್ನು ಸುತ್ತಿಕೊಂಡು ಕದಲದೆ ಕೂತಿದ್ದಾಳೆ. ಅವಳ ನಡುಕ, ಮೊಟ್ಟೆಯ ಬಿಸಿ ಎಲ್ಲ ಅಳೆದು ನಿನಗೆ ಕಳಿಸಲು ನೀನು ಇಟ್ಟುಹೋದ ಪೆಟ್ಟಿಗೆಯ ಬ್ಯಾಟರಿಯನ್ನೂ ಬದಲಿಸುತ್ತಿದ್ದೇನೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, ಅದೇನ್ರೀ ಅಷ್ಟೊಂದು ವಯರು ಅಂತ ಕೇಳಿದಳು. ಹಾವು ಅಂದರೆ ಬೀದಿಯೆಲ್ಲ ದೊಣ್ಣೆ ಹಿಡಿದು ಬರುತ್ತದಲ್ಲ, ಭೂಕಂಪ ಅಳೆಯುವ ಯಂತ್ರ ಅಂದುಬಿಟ್ಟೆ. ಅವತ್ತಿನಿಂದ ಪಾಪ ಆಕೆ ಅಂಗಳದಲ್ಲಿ ಮಲಗುತ್ತಿದ್ದಾಳೆ. ನಿನ್ನ ಗಂಡ ಬಟ್ಟೆ ಒಣಹಾಕಲು ಹೋಗುವಾಗ ತಟ್ಟೆ ಬಡಿಯುತ್ತಾ ಹೋಗುತ್ತಾನೆ. ಹೆದರಿಕೆಯಲ್ಲವಂತೆ, ತಾಳ ಕಲಿಯುತ್ತಿದ್ದಾನಂತೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮೊನ್ನೆ ನೀನು ಫೋನಿನಲ್ಲಿ ಕುಣಿದಾಡಿದೆಯಲ್ಲ, ತಾಯಿ ಹೆಬ್ಬಾವು ಚಳಿಯಲ್ಲಿ ಮೈ ನಡುಗಿಸಿ ಮೊಟ್ಟೆಗೆ ಕಾವು ಕೊಡುತ್ತದೆ ಅಂತ ಎಲ್ಲ ಪುಸ್ತಕಗಳಲ್ಲೂ ಇದೆ, ನಮ್ಮ ಹಿತ್ತಲಿನವಳು ಮಾತ್ರ ಒಂದಿಷ್ಟೂ ನಡುಗದೆ ಮೊಟ್ಟೆಯನ್ನು ಬೆಚ್ಚಗಿಟ್ಟಿದ್ದಾಳೆ, ಇಂಥದ್ದನ್ನು ಯಾರೂ ಕಂಡಿಲ್ಲ, ಶನಿವಾರ ಇದನ್ನೇ ಹೇಳುತ್ತೇನೆ, ಇದರ ಮೇಲೆ ನನ್ನ ಕೆಲಸ ಕಾಯಂ ಆಗುತ್ತದೆ ಅಂತ. ನಾನು ಹೂಂ ಹೂಂ ಅಂದೆ. ಫೋನ್ ಇಟ್ಟ ಮೇಲೆ ನಡುಕ ನನಗೆ ಶುರುವಾಯಿತು.

ಮಗಳೇ, ಅದು ಹಾವಿನ ಮಹಿಮೆಯಲ್ಲ. ನನ್ನ ಬಿಸಿನೀರಿನ ಚೀಲದ ಮಹಿಮೆ.

ನೀನು ಹೊರಟ ಮೇಲೆ ಚಳಿ ಜೋರಾಯಿತು. ಒಂದು ಸಂಜೆ ಪೆಟ್ಟಿಗೆಯ ಬ್ಯಾಟರಿ ಮುಗಿದಿತ್ತು, ಹಾಕಲು ಹೋದಾಗ ನೋಡುತ್ತೇನೆ, ಅವಳ ಮೈಯೆಲ್ಲ ಅದುರುತ್ತಿತ್ತು. ಊಟವಿಲ್ಲ, ನೀರಿಲ್ಲ, ಏನಮ್ಮಾ ಅಂತ ವಿಚಾರಿಸುವ ಒಂದು ನರಪಿಳ್ಳೆಯಿಲ್ಲ. ಬಾಣಂತಿಯನ್ನು ಹಾಗೆ ಬಿಡುವುದುಂಟೇ? ಮುಟ್ಟಬೇಡಿ, ಹತ್ತಿರ ಹೋಗಬೇಡಿ ಅಂತ ನೀನು ಹೇಳಿದ್ದು ನಿಜ. ನಾನೇನೂ ಮುಟ್ಟಲಿಲ್ಲ. ಚೀಲವನ್ನು ಇಟ್ಟಿಗೆ ರಾಶಿಯ ಹಿಂದಿನ ಸಂದಿಯೊಳಕ್ಕೆ ಪೊರಕೆಯ ಕೋಲಿನಿಂದ ತಳ್ಳಿದೆ, ಮುಟ್ಟಿದ್ದು ಚೀಲ. ಅವಳು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ ಸುಮ್ಮನಾದಳು. ನಡುಕ ನಿಂತ ಮೇಲೇ ನಾನು ಬ್ಯಾಟರಿ ಹಾಕಿದ್ದು, ಹಾಗಾಗಿ ನಿನ್ನ ಲೆಕ್ಕಕ್ಕೆ ಅದು ಸಿಕ್ಕಿಲ್ಲ. ಅವತ್ತಿನಿಂದ ದಿನಾ ಸಂಜೆ ಅದೇ ಸೇವೆ.

ನಿನ್ನ ಗಂಡ ಹುಟ್ಟಿದಾಗ ನನಗೂ ಹೀಗೇ ಚಳಿ ಹಿಡಿದು ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಎಲ್ಲರಿಗೂ ಆಗೋದೇ ಅಂತ ಹೇಳಿ ಹೋದರು. ಒಂದು ಕಂಬಳಿ ಕೊಡಲಿಲ್ಲ. ಅವರು ಹೋಗಿ ಎಷ್ಟೋ ಕಾಲವಾಯಿತು, ಆ ಸಿಟ್ಟು ಇನ್ನೂ ಹೋಗಿಲ್ಲ. ಹಾವಿನ ಮುಂದೆ ನಿಂತು ನಾನೂ ಅದೇ ಮಾತು ಹೇಳಲಾರದೆ ಹೋದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಅಂತಲೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಓದಿದವರ ನಡುವೆ ನೀನು ನಗೆಪಾಟಲಾದರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಮೇಲೆ ನಂಬಿಕೆ ಹೋದರೆ ಹೋಗಲಿ, ನಿನ್ನ ಹೆಸರು ಉಳಿಯಲಿ. ಬಯ್ಯುವುದಿದ್ದರೆ ಮನೆಗೆ ಬಂದು ಹೊಟ್ಟೆ ತುಂಬ ಬಯ್ಯಿ. ಅಲ್ಲಿ ಜನರ ಮುಂದೆ ಅಳಬೇಡ.

ಸೊಸೆಯ ಕೆಲಸಕ್ಕೆ ತಣ್ಣೀರೆರಚುವ ಅತ್ತೆಯರು ಊರೆಲ್ಲ ಇದ್ದಾರೆ.

ಇಂತಿ,
ಬಿಸಿನೀರೆರಚಿದ ನಿನ್ನ ಅತ್ತೆ

ಗೋಂದು ಹಚ್ಚುವ ಮೊದಲು ಇನ್ನೊಂದು ಮಾತು: ಪುಸ್ತಕದವರು ಹೇಳುವುದು ಎಷ್ಟು ನಿಜ ಅಂತ ನೋಡಲು ನಿನ್ನೆ ಸಂಜೆ ಬೇಕೆಂದೇ ಚೀಲ ಇಡಲಿಲ್ಲ. ಕತ್ತಲಾಗುವಷ್ಟರಲ್ಲಿ ನಡುಗತೊಡಗಿದಳು. ಚೀಲ ಇಟ್ಟೆ, ನಿಂತಿತು. ಕೋಲಿನಿಂದ ಎಳೆದು ತೆಗೆದೆ, ಮತ್ತೆ ಶುರು. ಪೆಟ್ಟಿಗೆಯಲ್ಲಿ ಎಲ್ಲ ಬಂದಿರಬೇಕು, ಬ್ಯಾಟರಿ ಹೊಸದಿತ್ತು. ಶನಿವಾರ ಇದನ್ನೇ ತೋರಿಸಿದರೆ ನಡೆಯುತ್ತದೆಯೇ ನೋಡು. ಇನ್ನೊಮ್ಮೆ ತೆಗೆಯಿರಿ ಅಂತ ಮಾತ್ರ ಕೇಳಬೇಡ. ಚೀಲ ಮತ್ತೆ ಇಟ್ಟಾಗಿದೆ. ಬಾಣಂತಿ ನಡುಗುವುದನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗದು, ನಿನ್ನ ಕೆಲಸ ಹೋದರೂ ಸರಿಯೇ.